ವಿಚ್ಛೇದನದಲ್ಲಿ ಪಿಂಚಣಿ, ಆಸ್ತಿ ಹಂಚಿಕೊಳ್ಳುವುದು ಹೇಗೆ: ಸಹಿ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬರುವ ಪ್ರಶ್ನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮೊದಲು ಮೊತ್ತ ಮಾತಾಡಿ ಮುಗಿಸುತ್ತಾರೆ, ಪಹಣಿ ತೆಗೆಸುವುದು ಆಮೇಲೆ. ಪಿಂಚಣಿಯ ವಿಷಯವಂತೂ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ತೀರ್ಮಾನ, ಆದ ಮೇಲೆ ನೆನಪಾಗುತ್ತದೆ. ಅಷ್ಟು ಹೊತ್ತಿಗೆ "ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ" ಎಂಬ ಸಾಲಿನ ಕೆಳಗೆ ಸಹಿ ಬಿದ್ದಿರುತ್ತದೆ. ಅದನ್ನು ಬಿಡಿಸಿಕೊಳ್ಳುವುದು ತುಂಬಾ ಕಷ್ಟ.

ಆದ್ದರಿಂದ ಈ ಬರಹದಲ್ಲಿ ಕೆಲಸಗಳ ಅನುಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಕಾಗದ ಮೊದಲು, ಬೆಲೆ ಎರಡನೆಯದು, ಮಾತು ಮೂರನೆಯದು, ಸಹಿ ಕೊನೆಗೆ. ಇಲ್ಲಿರುವುದು ಮುಖ್ಯವಾಗಿ 1955ರ ಹಿಂದೂ ವಿವಾಹ ಕಾಯ್ದೆಯಡಿ ಬರುವ ದಂಪತಿಗಳಿಗೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಕಾಯ್ದೆಗಳು ಬೇರೆ. ಆದರೆ ಕಾಗದ ಸೇರಿಸುವುದು, ಬೆಲೆ ಕಟ್ಟುವುದು, ಹೆಸರು ಬದಲಾಯಿಸುವುದು ಎಲ್ಲರಿಗೂ ಹೆಚ್ಚುಕಡಿಮೆ ಇದೇ ರೀತಿ.

ಶುರು ಮಾಡುವ ಮೊದಲು: ಎರಡು ತಪ್ಪು ನಂಬಿಕೆ

"ಮದುವೆ ಆದ ಮೇಲೆ ಮಾಡಿದ ಆಸ್ತಿಯಲ್ಲಿ ಅರ್ಧ ನನ್ನದು." ಇದು ನಮ್ಮ ಕಾನೂನಿನಲ್ಲಿ ಇಲ್ಲ. ಗಂಡನ ಹೆಸರಿನಲ್ಲಿರುವ ಸ್ವಯಾರ್ಜಿತ ಸೈಟನ್ನು ನ್ಯಾಯಾಲಯ ತಾನಾಗಿ ಎರಡು ಭಾಗ ಮಾಡುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಸಮಯದಲ್ಲಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಮಾತ್ರ ಹೇಳುತ್ತದೆ. ಮಿಕ್ಕಿದ್ದು 25ನೇ ಕಲಂನ ಶಾಶ್ವತ ಜೀವನಾಂಶದ ಮೂಲಕ ಅಥವಾ ಇಬ್ಬರೂ ಒಪ್ಪಿ ಮಾಡಿಕೊಳ್ಳುವ ರಾಜಿಯ ಮೂಲಕ ಬರಬೇಕು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ ಗೃಹಿಣಿಯ ದುಡಿಮೆಯೂ ಆಸ್ತಿ ಮಾಡುವುದರಲ್ಲಿ ಪಾಲು ಪಡೆದಿದೆ ಎಂದು ಒಪ್ಪಿಕೊಂಡಿತು. ಮಾತುಕತೆಯಲ್ಲಿ ಇದನ್ನು ಎತ್ತಬಹುದು. ಆದರೆ ನಮ್ಮ ರಾಜ್ಯದ ನ್ಯಾಯಾಲಯಗಳು ಅದನ್ನು ಪಾಲಿಸಲೇಬೇಕು ಎಂದೇನಿಲ್ಲ.

ಎರಡನೆಯ ನಂಬಿಕೆ ಇನ್ನೂ ಅಪಾಯದ್ದು. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರೆ ಬಿಡುಗಡೆ ಆಯಿತು ಅಂದುಕೊಳ್ಳುವುದು. ನೋಟರಿ ಮೊಹರು ಬಿದ್ದರೂ ಅದು ವಿಚ್ಛೇದನ ಆಗುವುದಿಲ್ಲ. ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದ ಇದೆ ಎಂದು ನ್ಯಾಯಾಲಯದಲ್ಲಿ ಸಾಬೀತಾದರೆ ಮಾತ್ರ ಬೇರೆ ಮಾತು. ಹೀಗೆ ಬೇರೆಯಾಗಿ ಇನ್ನೊಂದು ಮದುವೆ ಆದವರ ಮನೆಯಲ್ಲಿ, ನೌಕರರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಇಬ್ಬರು ಅರ್ಜಿ ಹಾಕುತ್ತಾರೆ. ಅಲ್ಲಿಂದ ವರ್ಷಗಟ್ಟಲೆ ಅಲೆದಾಟ.

ಹಂತ 1: ಕಾಗದ ಸೇರಿಸಿ, ಯಾರಿಗೂ ಹೇಳುವ ಮೊದಲೇ

ಮಾತುಕತೆ ಶುರುವಾದ ಮೇಲೆ ಬೀರುವಿನ ಬೀಗ ಬದಲಾಗುತ್ತದೆ. ಆದ್ದರಿಂದ ಕಾಗದಗಳ ಫೋಟೋ, ನಕಲು ಮೊದಲೇ ಕೈಯಲ್ಲಿರಲಿ. ಅಸಲನ್ನು ಎತ್ತಿಕೊಂಡು ಹೋಗಬೇಡಿ. ಅದೇ ಒಂದು ಜಗಳಕ್ಕೆ ದಾರಿ ಆಗುತ್ತದೆ. ನಿಮ್ಮ ಸ್ವಂತ ಕಾಗದ, ನಿಮ್ಮ ಒಡವೆ ಬೇರೆ ವಿಷಯ.

ಜಮೀನಿಗೆ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ಪ್ರತಿ, ಋಣಭಾರ ಪತ್ರ ಅಂದರೆ ಇ.ಸಿ. ಬೇಕು. ಪಹಣಿ ಭೂಮಿ ತಂತ್ರಾಂಶದಲ್ಲಿ, ಇ.ಸಿ. ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಇವುಗಳಿಗೆ ಗಂಡನ ಅಥವಾ ಹೆಂಡತಿಯ ಒಪ್ಪಿಗೆ ಬೇಡ. ಸರ್ವೆ ನಂಬರು ಗೊತ್ತಿದ್ದರೆ ಸಾಕು. ಪಹಣಿಯ 9ನೇ ಕಾಲಂ ಯಾರ ಹೆಸರು ಎಂದು ಹೇಳುತ್ತದೆ. 10ನೇ ಕಾಲಂ ಅದು ಹೇಗೆ ಬಂತು ಎಂದು ಹೇಳುತ್ತದೆ. 11ನೇ ಕಾಲಂನಲ್ಲಿ ಸಾಲ ಇರುತ್ತದೆ. ಸೊಸೈಟಿ ಸಾಲ, ಪಿ.ಎಲ್.ಡಿ. ಬ್ಯಾಂಕಿನ ಸಾಲ ಎಷ್ಟೋ ಸಲ ಇಲ್ಲೇ ಮೊದಲ ಬಾರಿಗೆ ಮನೆಯವರ ಕಣ್ಣಿಗೆ ಬೀಳುತ್ತದೆ.

ಊರೊಳಗಿನ ಮನೆ, ಸೈಟಿಗೆ ಗ್ರಾಮ ಪಂಚಾಯ್ತಿಯ ಇ-ಸ್ವತ್ತಿನ ನಮೂನೆ 9, 11 ತೆಗೆಸಿ. ಪಟ್ಟಣದ್ದಾದರೆ ನಗರಸಭೆ ಅಥವಾ ಪುರಸಭೆಯ ಇ-ಖಾತೆ ಬೇಕು.

ಸಂಬಳದ ಕಡೆ: ಸರ್ಕಾರಿ ನೌಕರರಾದರೆ ಎಚ್.ಆರ್.ಎಂ.ಎಸ್. (ಸರ್ಕಾರದ ಸಂಬಳದ ತಂತ್ರಾಂಶ) ವೇತನ ಚೀಟಿ, ಕೆ.ಜಿ.ಐ.ಡಿ. (ರಾಜ್ಯ ಸರ್ಕಾರಿ ನೌಕರರ ವಿಮೆ) ಪಾಲಿಸಿ ನಂಬರು, ಎನ್.ಪಿ.ಎಸ್. (ಹೊಸ ಪಿಂಚಣಿ ಯೋಜನೆ) ಇದ್ದರೆ ಪ್ರಾನ್ ನಂಬರಿನ, ಅಂದರೆ ಆ ಖಾತೆಯ ನಂಬರಿನ, ವಾರ್ಷಿಕ ವಿವರ. ಖಾಸಗಿ ಕಂಪನಿ, ಎಸ್ಟೇಟ್, ಗಾರ್ಮೆಂಟ್ಸ್ ನೌಕರರಾದರೆ ಯು.ಎ.ಎನ್. (ಪಿ.ಎಫ್. ಸದಸ್ಯರ ಗುರುತಿನ) ನಂಬರು ಮತ್ತು ಪಿ.ಎಫ್. ಪಾಸ್‌ಬುಕ್. ಇದರ ಜೊತೆಗೆ ಇಬ್ಬರ ಮೂರು ವರ್ಷದ ಬ್ಯಾಂಕ್ ವಿವರ, ಎಲ್.ಐ.ಸಿ. ಬಾಂಡ್‌ಗಳು, ಚಿನ್ನದ ಸಾಲದ ಚೀಟಿ, ಚೀಟಿ ಕಟ್ಟಿದ್ದರೆ ಅದರ ಪುಸ್ತಕ.

ಕಾಫಿ ತೋಟ ಇದ್ದರೆ ಒಂದು ಮಾತು ನೆನಪಿಡಿ. ತೋಟದಿಂದ ಬರುವ ಆದಾಯವು ತೆರಿಗೆ ರಿಟರ್ನ್‌ನಲ್ಲಿ ಪೂರ್ತಿ ಕಾಣಿಸುವುದಿಲ್ಲ. ಕ್ಯೂರಿಂಗ್ ವರ್ಕ್ಸ್ ಅಥವಾ ವ್ಯಾಪಾರಿ ಕೊಟ್ಟ ಬಿಲ್ಲು, ಮೆಣಸು ಮಾರಿದ ಚೀಟಿ, ಹಣ ಬಂದ ಬ್ಯಾಂಕ್ ಖಾತೆ, ಇವೇ ಸಾಕ್ಷಿ. ಒಂದೇ ವರ್ಷದ್ದು ಸಾಲದು. ಹೂಮಳೆ ಕೈಕೊಟ್ಟ ವರ್ಷದ ಬಿಲ್ಲು ತೋರಿಸಿ "ತೋಟದಲ್ಲಿ ಏನೂ ಇಲ್ಲ" ಎನ್ನುವುದು ಸುಲಭ.

ಸಿಗದ ಕಾಗದದ ಬಗ್ಗೆ ಚಿಂತೆ ಬೇಡ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಸಲ್ಲಿಸಬೇಕು ಎಂದು ಹೇಳಿದೆ. ಅದರಲ್ಲಿ ಮುಚ್ಚಿಟ್ಟದ್ದು ಆಮೇಲೆ ಹೊರಬಂದರೆ ಮುಚ್ಚಿಟ್ಟವರಿಗೇ ತೊಂದರೆ. ಸಂಬಳದ ವಿವರವನ್ನು ಕಚೇರಿಯಿಂದಲೇ ತರಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದು. ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಸಮನ್ಸ್ ಹೋಗುತ್ತದೆ.

ಹಂತ 2: ಪ್ರತಿ ಆಸ್ತಿಗೂ ಅದರ ಬಗೆ ಬರೆಯಿರಿ

ಒಂದು ಹಾಳೆಯಲ್ಲಿ ಎಲ್ಲ ಆಸ್ತಿ ಬರೆದು, ಪ್ರತಿಯೊಂದರ ಮುಂದೆ ಅದು ಯಾವ ಬಗೆಯದು ಎಂದು ಗುರುತು ಹಾಕಿ. ವಾದ ಹುಟ್ಟುವುದು ಇಲ್ಲೇ.

*ಸ್ತ್ರೀಧನ.* ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆ ಬಂದ ಒಡವೆ, ಹಣ, ಪಾತ್ರೆ, ಉಡುಗೊರೆ ಪೂರ್ತಿ ಅವಳದು. ಅತ್ತೆ ಮನೆಯ ಬೀರುವಿನಲ್ಲಿದ್ದರೂ ಅವಳದೇ. ಸುಪ್ರೀಂ ಕೋರ್ಟಿನ 1985ರ ಪ್ರತಿಭಾ ರಾಣಿ ತೀರ್ಪು ಇದನ್ನು ಖಚಿತವಾಗಿ ಹೇಳಿದೆ. ಇದನ್ನು ಹಂಚಿಕೆಯ ಲೆಕ್ಕಕ್ಕೆ ಸೇರಿಸಲೇಬೇಡಿ. "ಒಡವೆ ಕೊಟ್ಟಿದ್ದೀವಲ್ಲ, ಜೀವನಾಂಶ ಕಡಿಮೆ ಮಾಡಿ" ಎಂಬ ಮಾತು ಬಂದರೆ ಒಪ್ಪಬೇಡಿ. ಅವಳದನ್ನು ಅವಳಿಗೆ ಕೊಟ್ಟರೆ ಅದು ಪರಿಹಾರ ಹೇಗಾದೀತು? ಅಂಗಡಿ ಬಿಲ್ಲು ಇಲ್ಲದಿದ್ದರೆ ಮದುವೆ ಫೋಟೋ, ವಿಡಿಯೋ ನೋಡಿ ಪಟ್ಟಿ ಮಾಡಿ. ಯಾವ ಒಡವೆ ಈಗ ಅಡಮಾನಕ್ಕೆ ಹೋಗಿದೆ ಎಂಬುದೂ ಪಟ್ಟಿಯಲ್ಲಿರಲಿ.

*ಹೆಣ್ಣಿನ ಹೆಸರಿನ ಆಸ್ತಿ.* ತವರಿನ ಪಾಲು, ಅವಳ ಹೆಸರಿಗೆ ಬಂದ ಜಮೀನು ಅವಳ ಸಂಪೂರ್ಣ ಸ್ವತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹಾಗೆ ಹೇಳುತ್ತದೆ.

*ಜಂಟಿ ಹೆಸರಿನದು.* ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರಿಗೂ ಪಾಲಿದೆ. ಸಾಲದ ಕಂತು ಯಾರ ಖಾತೆಯಿಂದ ಹೋಯಿತು ಎಂಬ ದಾಖಲೆ ಇಟ್ಟುಕೊಳ್ಳಿ.

*ಪಿತ್ರಾರ್ಜಿತ.* ನಮ್ಮ ಕಡೆ ಜಾಸ್ತಿ ಜಗಳ ಇದರದ್ದೇ. ಸಕಲೇಶಪುರದ ಕಾಫಿ ತೋಟವೋ, ಕೊಪ್ಪದ ಅಡಿಕೆ ತೋಟವೋ, ಅರಸೀಕೆರೆಯ ತೆಂಗಿನ ತೋಟವೋ, ಬಹಳಷ್ಟು ಇನ್ನೂ ಅಜ್ಜನ ಅಥವಾ ಅಪ್ಪನ ಹೆಸರಿನಲ್ಲೇ ಇರುತ್ತವೆ. ಗಂಡ ಬದುಕಿರುವಾಗ ಅವನ ಪಿತ್ರಾರ್ಜಿತದಲ್ಲಿ ಹೆಂಡತಿ ನೇರವಾಗಿ ಭಾಗ ಕೇಳಲಾಗುವುದಿಲ್ಲ. ಆದರೆ ಅವನಿಗೆ ಬರುವ ಪಾಲು ಎಷ್ಟು, ಅದರ ಆದಾಯ ಎಷ್ಟು ಎಂಬುದು ಜೀವನಾಂಶದ ಲೆಕ್ಕಕ್ಕೆ ಬರುತ್ತದೆ. "ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ" ಎಂದರೆ ವಂಶವೃಕ್ಷ ಮತ್ತು ಅಪ್ಪನ ಹೆಸರಿನ ಪಹಣಿ ಎರಡನ್ನೂ ಮುಂದಿಡಿ.

ಮಕ್ಕಳ ಪಾಲು ಬೇರೆಯೇ. ಅಪ್ಪ ಅಮ್ಮ ಬೇರೆಯಾದರೂ ಪಿತ್ರಾರ್ಜಿತದಲ್ಲಿ ಮಗ, ಮಗಳು ಇಬ್ಬರ ಹಕ್ಕೂ ಹಾಗೇ ಉಳಿಯುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಇನ್ನೂ ಸ್ಪಷ್ಟ ಮಾಡಿತು. ರಾಜಿ ಪತ್ರದಲ್ಲಿ "ನಾನು ಮತ್ತು ನನ್ನ ಮಕ್ಕಳು ಯಾವ ಹಕ್ಕನ್ನೂ ಕೇಳುವುದಿಲ್ಲ" ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅಪ್ರಾಪ್ತ ಮಕ್ಕಳ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ತಾಯಿಯೂ ಬಿಟ್ಟುಕೊಡುವಂತಿಲ್ಲ, ತಂದೆಯೂ ಬಿಟ್ಟುಕೊಡುವಂತಿಲ್ಲ.

*ಮಂಜೂರಾದ ಮತ್ತು ಒತ್ತುವರಿ ಜಮೀನು.* ಸಾಗುವಳಿ ಚೀಟಿಯಲ್ಲಿ ಬಂದ ಜಮೀನಿಗೆ ಪರಭಾರೆ ಮಾಡಬಾರದ ಅವಧಿ ಇರಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ವರ್ಗಾಯಿಸಲಾಗುವುದಿಲ್ಲ. ಇನ್ನು ಮಲೆನಾಡಿನ ತೋಟಗಳಲ್ಲಿ ಪಹಣಿಯ ಎಕರೆಗೂ ಬೇಲಿಯೊಳಗಿನ ಎಕರೆಗೂ ತಾಳೆ ಆಗುವುದು ಕಡಿಮೆ. ಬೇಲಿಯೊಳಗಿದ್ದರೂ ಸರ್ಕಾರದ ಜಮೀನು ಸರ್ಕಾರದ್ದೇ. ಅದು ಗುತ್ತಿಗೆಗೆ ಸಿಕ್ಕಿದ್ದರೂ ಮಾಲೀಕತ್ವ ಬಂದಿಲ್ಲ. ಹಂಚಿಕೆಯಲ್ಲಿ ಅಂಥ ತುಂಡನ್ನು ನಿಮ್ಮ ಪಾಲಿಗೆ ಹಾಕಿದರೆ ನಿಮ್ಮ ಕೈಗೆ ಬರುವುದು ಬರೀ ತಲೆನೋವು.

ಹಂತ 3: ಬೆಲೆ ಕಟ್ಟಿ, ಸಾಲ ಕಳೆಯಿರಿ

ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಒಂದು, ಮಾರುಕಟ್ಟೆ ಬೆಲೆ ಇನ್ನೊಂದು. ಕೊಡುವವರು ಸಾಮಾನ್ಯವಾಗಿ ಮೊದಲನೆಯದನ್ನು ಹಿಡಿಯುತ್ತಾರೆ, ಕೇಳುವವರು ಎರಡನೆಯದನ್ನು. ಎಲ್ಲ ಆಸ್ತಿಗೂ ಒಂದೇ ಅಳತೆ ಇರಲಿ. ಹಾಸನದ ಮನೆಗೆ ಮಾರುಕಟ್ಟೆ ಬೆಲೆ ಹಾಕಿ, ಆಲೂರಿನ ತೋಟಕ್ಕೆ ಮಾರ್ಗಸೂಚಿ ದರ ಹಾಕಿದರೆ ಮನೆ ತೆಗೆದುಕೊಂಡವರಿಗೆ ನಷ್ಟ. ಇಬ್ಬರೂ ಒಪ್ಪುವ ನೋಂದಾಯಿತ ಮೌಲ್ಯಮಾಪಕರಿಂದ ಒಂದು ವರದಿ ಮಾಡಿಸಿದರೆ ವಾದ ಕಡಿಮೆ ಆಗುತ್ತದೆ.

ತೋಟದಲ್ಲಿ ನೆಲದ ಬೆಲೆ ಒಂದೇ ಅಲ್ಲ. ಗಿಡದ ವಯಸ್ಸು, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಮರ, ಕಣ, ಪಂಪ್‌ಸೆಟ್ ಎಲ್ಲಕ್ಕೂ ಬೆಲೆ ಇದೆ. ಗಿಡದಲ್ಲಿರುವ ಫಸಲು ಯಾರದು ಎಂದೂ ಬರೆಯಿರಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ ತನಕ, ರೊಬಸ್ಟಾ ಅದರ ಬೆನ್ನಿಗೇ. ಈ ನಡುವೆ ಒಪ್ಪಂದ ಆದರೆ ಹಣ್ಣು ಯಾರು ಕೊಯ್ಯಬೇಕು ಎಂಬುದೇ ಹೊಸ ಕೇಸ್ ಆಗಬಹುದು.

ಗೃಹಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಎಚ್ಚರ. "ಇನ್ನು ಮುಂದೆ ಕಂತು ಗಂಡನೇ ಕಟ್ಟುತ್ತಾನೆ" ಎಂದು ರಾಜಿಯಲ್ಲಿ ಬರೆದರೆ ಅದು ನಿಮ್ಮಿಬ್ಬರ ನಡುವಿನ ಮಾತು ಅಷ್ಟೇ. ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಅವನು ಕಟ್ಟದಿದ್ದರೆ ನೋಟಿಸು ನಿಮಗೂ ಬರುತ್ತದೆ. ಸಾಲದಿಂದ ನಿಮ್ಮ ಹೆಸರು ಕೈಬಿಟ್ಟಿದೆ ಎಂಬ ಬ್ಯಾಂಕಿನ ಪತ್ರ ಬರುವ ತನಕ ಆ ಆಸ್ತಿಯ ಹಕ್ಕು ಬಿಡಬೇಡಿ.

ಹಂತ 4: ಪಿಂಚಣಿಯನ್ನು ಬೇರೆ ಹಾಳೆಯಲ್ಲಿ ಲೆಕ್ಕ ಹಾಕಿ

ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಸ್ವಲ್ಪ ನಿಧಾನವಾಗಿ ಓದಿ.

ಮೊದಲ ವಿಷಯ: ನಮ್ಮಲ್ಲಿ ಪಿಂಚಣಿಯನ್ನು ಖಜಾನೆಯಲ್ಲೇ ಎರಡು ಭಾಗ ಮಾಡಿ ಇಬ್ಬರಿಗೆ ಕೊಡುವ ಪದ್ಧತಿ ಇಲ್ಲ. ಮಾಜಿ ಸಂಗಾತಿಗೆ ಇಷ್ಟು ಪಾಲು ಎಂದು ಬರೆಯುವ ಕಾಲಂ ಪಿ.ಎಫ್. ಅರ್ಜಿಯಲ್ಲೂ ಇಲ್ಲ. ಹಾಗಾದರೆ ನಿಮಗೆ ಉಳಿದ ದಾರಿ ಮೂರು. ಪಿಂಚಣಿಯನ್ನು ಆದಾಯ ಎಂದು ತೋರಿಸಿ ತಿಂಗಳ ಜೀವನಾಂಶ ಕೇಳುವುದು. ಅದರ ಬೆಲೆ ಕಟ್ಟಿ ಅದಕ್ಕೆ ಬದಲಾಗಿ ಬೇರೆ ಆಸ್ತಿ ಅಥವಾ ಒಟ್ಟು ಹಣ ತೆಗೆದುಕೊಳ್ಳುವುದು. ಇಲ್ಲವೇ ನಿವೃತ್ತಿಯ ಹಣ ಕೈಗೆ ಬಂದಾಗ ಇಂತಿಷ್ಟು ಕೊಡಬೇಕು ಎಂದು ರಾಜಿಯಲ್ಲಿ ಬರೆಸಿ, ನ್ಯಾಯಾಲಯದ ಆದೇಶದಲ್ಲಿ ಸೇರಿಸುವುದು.

ಯಾವ ಬಗೆಯ ಪಿಂಚಣಿ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ರಾಜ್ಯ ಸರ್ಕಾರಿ ಕೆಲಸಕ್ಕೆ 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವರಿಗೆ ಹಳೆಯ ಪಿಂಚಣಿ. ಆ ದಿನದಿಂದ ಸೇರಿದವರು ಎನ್.ಪಿ.ಎಸ್.ಗೆ ಬರುತ್ತಾರೆ. ಕೇಂದ್ರ ಸರ್ಕಾರದ ನೌಕರರಿಗೆ, ಉದಾಹರಣೆಗೆ ಹಾಸನದ ಇಸ್ರೋ ಕೇಂದ್ರದವರಿಗೆ, ಗಡಿ ದಿನಾಂಕ 2004ರ ಜನವರಿ 1. ಹಳೆಯ ಪಿಂಚಣಿಯಲ್ಲಿ ಖಾತೆಯಲ್ಲಿ ಕೂಡಿಟ್ಟ ಹಣ ಕಾಣುವುದಿಲ್ಲ, ಮುಂದೆ ಬರುವ ತಿಂಗಳ ಮೊತ್ತ ಮಾತ್ರ ಇದೆ. ಎನ್.ಪಿ.ಎಸ್.ನಲ್ಲಿ ಇವತ್ತಿನ ಮೊತ್ತ ಖಾತೆಯಲ್ಲೇ ಕಾಣುತ್ತದೆ. ಸರ್ಕಾರಿ ನೌಕರರು ನಿವೃತ್ತಿಯಾದಾಗ ಅದರ ಕನಿಷ್ಠ 40 ಶೇಕಡಾ ಹಣದಿಂದ ತಿಂಗಳ ಪಿಂಚಣಿ ಕೊಳ್ಳಬೇಕು.

ಖಾಸಗಿ ನೌಕರರ ಪಾಸ್‌ಬುಕ್‌ನಲ್ಲಿ ಎರಡು ಲೆಕ್ಕ ಇರುತ್ತವೆ. ಪಿ.ಎಫ್. ಹಣ ಒಂದು, 1995ರ ಪಿಂಚಣಿ ಯೋಜನೆ ಇನ್ನೊಂದು. ಎರಡನೆಯದಕ್ಕೆ 10 ವರ್ಷ ಸೇವೆ ಬೇಕು. ಲೆಕ್ಕ ಸರಳ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 15,000 ರೂಪಾಯಿ ಸಂಬಳ, 20 ವರ್ಷ ಸೇವೆ ಆದರೆ ತಿಂಗಳಿಗೆ ಸುಮಾರು 4,286 ರೂಪಾಯಿ. ಇದಕ್ಕಾಗಿ ದೊಡ್ಡ ಜಗಳ ಬೇಡ. ಪಿ.ಎಫ್. ಮೊತ್ತದ ಕಡೆ ಗಮನ ಕೊಡಿ.

ಹಳೆಯ ಪಿಂಚಣಿಗೆ ಒಂದು ಲೆಕ್ಕದ ಉದಾಹರಣೆ ನೋಡಿ. ಗಂಡ ಶಿಕ್ಷಕರು, ನಿವೃತ್ತಿಯ ಹೊತ್ತಿಗೆ 28 ವರ್ಷ ಸೇವೆ, ಅದರಲ್ಲಿ 21 ವರ್ಷ ದಂಪತಿಯಾಗಿ ಕಳೆದಿದ್ದು ಅಂದುಕೊಳ್ಳಿ. ನಿರೀಕ್ಷಿತ ಪಿಂಚಣಿ 40,000 ರೂಪಾಯಿ. ಇಪ್ಪತ್ತೊಂದು ವರ್ಷ ಅಂದರೆ ಸೇವೆಯ ಮುಕ್ಕಾಲು. ಹಾಗಾಗಿ 30,000 ರೂಪಾಯಿ ಮದುವೆಯ ಕಾಲದ್ದು. ಅದರ ಅರ್ಧ 15,000. ಕಾನೂನಿನಲ್ಲಿ ಈ ಸೂತ್ರ ಇಲ್ಲ, ನ್ಯಾಯಾಲಯ ಇದನ್ನೇ ಕೊಡುತ್ತದೆ ಎಂದೂ ಅಲ್ಲ. ಆದರೆ ಮಾತಿಗೆ ಕೂತಾಗ ಕೈಯಲ್ಲಿ ಒಂದು ಸಂಖ್ಯೆ ಇರಬೇಕಲ್ವಾ? ಬಾಯಿಗೆ ಬಂದ ಮೊತ್ತಕ್ಕಿಂತ ಇದು ಎಷ್ಟೋ ನ್ಯಾಯ.

ಈ 15,000ವನ್ನು ಒಟ್ಟು ಹಣವಾಗಿ ನೋಡುವುದು ಹೇಗೆ? ವರ್ಷಕ್ಕೆ 1,80,000 ರೂಪಾಯಿ. ಶೇಕಡಾ 7 ಬಡ್ಡಿಯ ಠೇವಣಿಯಿಂದ ಅಷ್ಟು ಬರಬೇಕಾದರೆ ಸುಮಾರು 25.7 ಲಕ್ಷ ಇಡಬೇಕು. ಠೇವಣಿಯಲ್ಲಿ ಅಸಲು ಹಾಗೇ ಉಳಿಯುವುದರಿಂದ ಇದನ್ನು ಮೇಲ್ಮಿತಿ ಎಂದು ಹಿಡಿಯಿರಿ. ನಿಮ್ಮ ವಯಸ್ಸಿಗೆ ತಿಂಗಳಿಗೆ 15,000 ಪಿಂಚಣಿ ಕೊಳ್ಳಲು ಎಷ್ಟಾಗುತ್ತದೆ ಎಂದು ವಿಮಾ ಕಂಪನಿಯಿಂದ ಒಂದು ದರಪಟ್ಟಿ ತೆಗೆದುಕೊಂಡರೆ ಇನ್ನೂ ಹತ್ತಿರದ ಅಂಕಿ ಸಿಗುತ್ತದೆ. ನಿವೃತ್ತಿಗೆ ಇನ್ನೂ ವರ್ಷಗಳಿದ್ದರೆ ಆ ಮೊತ್ತ ಕಡಿಮೆಯಾಗುತ್ತದೆ.

ಈಗ ಕುಟುಂಬ ಪಿಂಚಣಿ. ವಿಚ್ಛೇದನದ ಡಿಕ್ರಿ ಆದ ದಿನ ಹೆಂಡತಿಗೆ, ಅಥವಾ ಹೆಂಡತಿ ನೌಕರಿಯಲ್ಲಿದ್ದರೆ ಗಂಡನಿಗೆ, ಕುಟುಂಬ ಪಿಂಚಣಿಯ ಹಕ್ಕು ಹೋಗುತ್ತದೆ. ನಾಮಿನೇಷನ್‌ನಲ್ಲಿ ಹಳೆಯ ಹೆಸರು ಉಳಿದಿದ್ದರೂ ಅದು ಸಿಗುವುದಿಲ್ಲ. ಮಕ್ಕಳ ಹಕ್ಕು ಉಳಿಯುತ್ತದೆ. ಅದಕ್ಕೇ ಸೇವಾ ಪುಸ್ತಕದ ಕುಟುಂಬ ವಿವರದಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿವೆಯೇ ಎಂದು ಈಗಲೇ ನೋಡಿ.

ಐವತ್ತೈದು ದಾಟಿದವರಿಗೆ ನನ್ನ ಸಲಹೆ ಏನೆಂದರೆ, ಇಬ್ಬರಿಗೂ ಮರುಮದುವೆಯ ಯೋಚನೆ ಇಲ್ಲದಿದ್ದರೆ ವಿಚ್ಛೇದನದ ಬದಲು 10ನೇ ಕಲಂನ ನ್ಯಾಯಿಕ ಪ್ರತ್ಯೇಕತೆಯ ಬಗ್ಗೆ ವಕೀಲರನ್ನು ಕೇಳಿ. ಒಟ್ಟಿಗೆ ಬಾಳುವ ಕಟ್ಟುಪಾಡು ಇರುವುದಿಲ್ಲ, ಆದರೆ ಮದುವೆ ಕಾನೂನಿನ ಕಣ್ಣಲ್ಲಿ ಉಳಿಯುತ್ತದೆ. ಕುಟುಂಬ ಪಿಂಚಣಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗಬಹುದು. ಆಯಾ ಇಲಾಖೆಯ ನಿಯಮ ಓದಿಸಿ ತೀರ್ಮಾನಿಸಿ.

ಇನ್ನೊಂದು. ಪಿಂಚಣಿ ನೆಚ್ಚಿಕೊಂಡ ತಿಂಗಳ ಜೀವನಾಂಶ ಕೊಡುವವರು ಬದುಕಿರುವ ತನಕ ಮಾತ್ರ ನಿಜವಾಗಿ ಕೈಗೆ ಬರುತ್ತದೆ. ಗಂಡನಿಗೆ ವಯಸ್ಸು ಜಾಸ್ತಿ, ಆರೋಗ್ಯ ಸರಿಯಿಲ್ಲ ಎಂದಾದರೆ ತಿಂಗಳ ಮೊತ್ತ ಸ್ವಲ್ಪ ಕಡಿಮೆ ಮಾಡಿಕೊಂಡಾದರೂ ಮನೆ ಅಥವಾ ಒಟ್ಟು ಹಣ ಕೇಳಿ. ನಾನಾದರೆ ಹಾಗೇ ಹೇಳುತ್ತೇನೆ.

ಹಂತ 5: ಜೀವನಾಂಶದ ಮೊತ್ತ

"ಸಂಬಳದ ಕಾಲು ಭಾಗ" ಎಂಬ ಮಾತು ಕೋರ್ಟ್ ಆವರಣದಲ್ಲಿ ಓಡಾಡುತ್ತಿರುತ್ತದೆ. ಅದು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ಪ್ರಕರಣಕ್ಕೆ ಸರಿ ಎನಿಸಿದ ಅಳತೆ. ಎಲ್ಲರಿಗೂ ನಿಯಮ ಅಲ್ಲ. ಆದಾಯ, ಆಸ್ತಿ, ಬದುಕಿನ ಮಟ್ಟ, ಮದುವೆಯ ಅವಧಿ, ಮಕ್ಕಳ ಜವಾಬ್ದಾರಿ, ಹೆಂಡತಿ ಮನೆಗಾಗಿ ಕೆಲಸ ಬಿಟ್ಟಿದ್ದಳೇ ಎಂಬುದನ್ನೆಲ್ಲ ನೋಡಿ ನ್ಯಾಯಾಲಯ ತೀರ್ಮಾನಿಸುತ್ತದೆ. ಕೇಸು ನಡೆಯುವಾಗಲೇ 24ನೇ ಕಲಂನಲ್ಲಿ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಕೇಳಬಹುದು. ಆದಾಯ ಇಲ್ಲದ ಗಂಡನೂ 24, 25ನೇ ಕಲಂಗಳಲ್ಲಿ ಕೇಳಬಹುದು.

ಮಕ್ಕಳ ಖರ್ಚನ್ನು ಬೇರೆ ಸಾಲಿನಲ್ಲಿ ಬರೆಸಿ. ಶಾಲೆ, ಕಾಲೇಜು, ಆಸ್ಪತ್ರೆ ಎಂದು ಬಿಡಿಸಿ ಬರೆಸಿದರೆ ಇನ್ನೂ ಒಳ್ಳೆಯದು. ತಿಂಗಳ ಮೊತ್ತಕ್ಕೆ ವರ್ಷಕ್ಕಿಷ್ಟು ಏರಿಕೆ ಇರಲಿ. ತೆರಿಗೆಯ ಮಾತಿಗೆ ಬಂದರೆ, ತಿಂಗಳ ಜೀವನಾಂಶವನ್ನು ಪಡೆಯುವವರ ಆದಾಯ ಎಂದೇ ನೋಡುತ್ತಾರೆ. ಒಂದೇ ಸಲ ಬಂದ ಮೊತ್ತಕ್ಕೆ ಸಾಮಾನ್ಯವಾಗಿ ಹಾಗಿಲ್ಲ. ದೊಡ್ಡ ಮೊತ್ತವಾದರೆ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಭದ್ರತೆ ಕೇಳುವುದನ್ನು ಮರೆಯಬೇಡಿ. ಜೀವನಾಂಶಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಚಾರ್ಜ್ (ಋಣಭಾರ) ಹಾಕುವ ಅಧಿಕಾರ 25ನೇ ಕಲಂನಲ್ಲೇ ಇದೆ. ಆದೇಶ ಸಿಕ್ಕ ಮೇಲೆ ಅದನ್ನು ಪಹಣಿಯ 11ನೇ ಕಾಲಂನಲ್ಲಿ ಸೇರಿಸಲು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಆಮೇಲೆ ಆ ಜಮೀನು ಕೊಳ್ಳಲು ಬಂದವರಿಗೂ ವಿಷಯ ಗೊತ್ತಾಗುತ್ತದೆ.

ಹಂತ 6: ಮಾತುಕತೆ, ಮಧ್ಯಸ್ಥಿಕೆ

ಹೆಂಡತಿ ಅರ್ಜಿ ಹಾಕುವುದಾದರೆ ತಾನು ಈಗ ಇರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹಾಕಬಹುದು. ಹಾಸನದಲ್ಲಿದ್ದ ಮನೆ ಬಿಟ್ಟು ಕಡೂರಿನ ತವರಿಗೆ ಬಂದಿದ್ದರೆ ಪ್ರತಿ ತಾರೀಖಿಗೂ ಹಾಸನಕ್ಕೆ ಓಡಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಿ. ಸಹಾಯವಾಣಿ 15100.

ಮಧ್ಯಸ್ಥಿಕೆಗೆ ಹೋಗುವಾಗ ಹಂತ 2, 3, 4ರ ಹಾಳೆಗಳು ಕೈಯಲ್ಲಿರಲಿ. ಅಣ್ಣ, ಮಾವ, ಊರಿನ ಮುಖಂಡರು ಜೊತೆಗೆ ಬಂದು "ಏನೋ ಒಂದು ಕೊಟ್ಟು ಮುಗಿಸಪ್ಪಾ, ಹೆಣ್ಣುಮಗು ಎಷ್ಟು ದಿನ ಕೋರ್ಟಿಗೆ ಅಲೆಯುತ್ತೆ" ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಆ "ಏನೋ ಒಂದು" ಎಷ್ಟು ಎಂದು ಹಾಳೆ ನೋಡಿ ಹೇಳಬೇಕು. ಅವತ್ತೇ ಒಪ್ಪಿಕೊಳ್ಳಬೇಕಿಲ್ಲ. ಮನೆಗೆ ಬಂದು ಲೆಕ್ಕ ನೋಡಿ ಮುಂದಿನ ತಾರೀಖಿಗೆ ಹೇಳುತ್ತೇನೆ ಎನ್ನಿ.

ಹಿಂಸೆ ಇರುವ ಮನೆಯಾದರೆ ಈ ಹಂತ ಹಿಂದಕ್ಕಿರಲಿ. ಮೊದಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ ಮತ್ತು ಮನೆಯಲ್ಲಿ ವಾಸಿಸುವ ಹಕ್ಕಿನ ಆದೇಶ ಕೇಳಿ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಂತ 7: ರಾಜಿ ಪತ್ರ ಬರೆಸುವುದು

ಪ್ರತಿ ಆಸ್ತಿಯ ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಚಕ್ಕುಬಂದಿ ಅರ್ಜಿಯ ಷೆಡ್ಯೂಲ್‌ನಲ್ಲೇ (ಆಸ್ತಿ ಪಟ್ಟಿಯಲ್ಲೇ) ಇರಬೇಕು. ಕಾರಣ ಇದೆ. ಕೇಸಿನ ವಿಷಯವೇ ಅಲ್ಲದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ತಂದರೆ, ಆ ಡಿಕ್ರಿಯನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಆಗ ಛಾಪಾ ಶುಲ್ಕದ ಪ್ರಶ್ನೆ ಏಳುತ್ತದೆ, ಖಾತೆ ಬದಲಾವಣೆ ಅಲ್ಲೇ ನಿಲ್ಲುತ್ತದೆ.

ಪಹಣಿಯ ಒಂದು ಭಾಗವನ್ನಷ್ಟೇ ಕೊಡುವುದಾದರೆ ಮೊದಲು 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು. ಸರ್ವೆ ಆಗಿ ಬರಲು ಸಮಯ ಹಿಡಿಯುತ್ತದೆ, ಮಳೆಗಾಲದಲ್ಲಿ ಮೂಡಿಗೆರೆ, ಶೃಂಗೇರಿ ಕಡೆ ಇನ್ನೂ ನಿಧಾನ. ಅರ್ಜಿ ಬೇಗ ಹಾಕಿ.

ಪತ್ರ ಓದುವಾಗ ಕೆಲವು ಸಾಲು ಕಂಡರೆ ನಿಲ್ಲಿ. "ಸಕಲ ಹಕ್ಕುಗಳನ್ನೂ ಬಿಟ್ಟಿರುತ್ತೇನೆ" ಎಂದಿದ್ದು ಪಿಂಚಣಿ, ಪಿ.ಎಫ್., ಗ್ರಾಚ್ಯುಟಿ ಬಗ್ಗೆ ಒಂದಕ್ಷರ ಇಲ್ಲದಿರುವುದು. "ಹಣ ಈಗಾಗಲೇ ಸಂದಾಯವಾಗಿದೆ" ಎಂದು ಬರೆದು ಹಣ ಬರದಿರುವುದು. ಕಂತು ಎಂದು ಬರೆದು ದಿನಾಂಕ ಇಲ್ಲದಿರುವುದು. ನಿವೃತ್ತಿಯ ಹಣದಲ್ಲಿ ಪಾಲು ಎಂದು ಒಪ್ಪಿದ್ದರೆ "ಗ್ರಾಚ್ಯುಟಿ, ಪರಿವರ್ತಿತ ಪಿಂಚಣಿ (ಪಿಂಚಣಿಯ ಒಂದು ಭಾಗಕ್ಕೆ ಬದಲಾಗಿ ಒಟ್ಟಿಗೆ ಬರುವ) ಹಣ ಖಾತೆಗೆ ಬಂದ 30 ದಿನದೊಳಗೆ, ತಪ್ಪಿದರೆ ಇಷ್ಟು ಬಡ್ಡಿ" ಎಂದು ಬರೆಸಿ.

ಹಂತ 8: ವರ್ಗಾವಣೆ ಮೊದಲು, ಡಿಕ್ರಿ ಆಮೇಲೆ

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 13ಬಿ ಕಲಂ. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾದು, 18 ತಿಂಗಳೊಳಗೆ ಎರಡನೇ ಸಲ ಹಾಜರಾಗಿ ಒಪ್ಪಿಗೆ ಹೇಳಬೇಕು. ಸೂಕ್ತ ಕಾರಣ ಇದ್ದರೆ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈ ಎರಡು ಹಾಜರಿಯ ನಡುವೆಯೇ ಆಸ್ತಿ ವರ್ಗಾವಣೆ ಮುಗಿಸಿ. ಗಂಡ ಹೆಂಡತಿ ನಡುವಿನ ದಾನಪತ್ರ, ಹಕ್ಕು ಖುಲಾಸೆ ಪತ್ರಕ್ಕೆ ನಮ್ಮ ರಾಜ್ಯದಲ್ಲಿ ಛಾಪಾ ಶುಲ್ಕ ತುಂಬಾ ಕಡಿಮೆ, ನಿಗದಿತ ಮೊತ್ತ. ಡಿಕ್ರಿ ಆದ ಮರುದಿನ ನೀವು ಗಂಡ ಹೆಂಡತಿ ಅಲ್ಲ. ಆಗ ಆಸ್ತಿಯ ಬೆಲೆಯ ಮೇಲೆ ಶುಲ್ಕ ಕಟ್ಟಬೇಕಾಗುತ್ತದೆ, ತೆರಿಗೆಯಲ್ಲೂ ಸಂಗಾತಿಗೆ ಸಿಗುವ ವಿನಾಯಿತಿ ಸಿಗುವುದಿಲ್ಲ. ಲಕ್ಷಗಳ ಲೆಕ್ಕದಲ್ಲಿ ನಷ್ಟ ಆಗುವುದು ಇಲ್ಲೇ.

ಆದರೆ ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಕೊಡುವವರಿಗೆ ಈ ಭಯ ಸಹಜ. ಅದಕ್ಕೆ ಒಂದು ದಾರಿ: ಅರ್ಜಿ ಹಾಕುವ ದಿನ ಒಂದು ಭಾಗ, ಎರಡನೇ ಹಾಜರಿಗೆ ಒಂದೆರಡು ದಿನ ಮುಂಚೆ ಆಸ್ತಿಯ ನೋಂದಣಿ, ಉಳಿದ ಹಣದ ಡಿ.ಡಿ. ನ್ಯಾಯಾಧೀಶರ ಮುಂದೆಯೇ. ಡಿ.ಡಿ. ನಂಬರು, ದಿನಾಂಕ, ಬ್ಯಾಂಕಿನ ಹೆಸರು ನ್ಯಾಯಾಲಯದ ದಾಖಲೆಯಲ್ಲಿ ಸೇರಬೇಕು. ನಗದು ಬೇಡ. ಚೆಕ್ಕೂ ಬೇಡ.

ಕೇಸು ನಡೆಯುವಾಗ ಜಮೀನು ಮಾರುವ ಸುಳಿವು ಸಿಕ್ಕರೆ ಸುಮ್ನೆ ಕೂರಬೇಡಿ. ಆಗಾಗ ಇ.ಸಿ. ತೆಗೆಸಿ ನೋಡಿ. ಮಾರದಂತೆ ತಡೆಯಾಜ್ಞೆ ಕೇಳಿ. ತಮ್ಮನ ಹೆಸರಿಗೆ ದಿಢೀರ್ ದಾನಪತ್ರ, ಹಳೆಯ ತಾರೀಖಿನ ಕೈಸಾಲದ ಪತ್ರ, ಪಿ.ಎಫ್. ಮುಂಗಡ, ಇದ್ದಕ್ಕಿದ್ದಂತೆ ಸ್ವಯಂ ನಿವೃತ್ತಿಯ ಅರ್ಜಿ, ಇವೆಲ್ಲ ಆಸ್ತಿ ಕರಗಿಸುವ ಲಕ್ಷಣಗಳು.

ಹಂತ 9: ಡಿಕ್ರಿ ಆದ ಮೇಲೆ

ಡಿಕ್ರಿಯ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆದುಕೊಳ್ಳಿ. ಖಾತೆ, ಪಹಣಿ ಬದಲಾವಣೆಗೆ ಅರ್ಜಿ ಕೊಡಿ, ಹೊಸ ಪಹಣಿಯಲ್ಲಿ ಹೆಸರು ಕಾಣುವ ತನಕ ಬಿಡಬೇಡಿ. ಪಿ.ಎಫ್., ಎನ್.ಪಿ.ಎಸ್., ಕೆ.ಜಿ.ಐ.ಡಿ., ಎಲ್.ಐ.ಸಿ., ಬ್ಯಾಂಕ್, ಎಲ್ಲ ಕಡೆ ನಾಮಿನಿ ಬದಲಾಯಿಸಿ. ಒಂದು ಪಾಲಿಸಿ ಮಾತ್ರ ಬೇರೆ: 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗೆಂದೇ ಮಾಡಿಸಿದ ಪಾಲಿಸಿಯ ಫಲಾನುಭವಿಯನ್ನು ಗಂಡ ತನ್ನಷ್ಟಕ್ಕೆ ಬದಲಾಯಿಸಲಾಗುವುದಿಲ್ಲ. ಅಂಥದ್ದು ಮನೆಯಲ್ಲಿದೆಯೇ ಎಂದು ಬಾಂಡ್ ತೆಗೆದು ನೋಡಿ.

ಕಂತು ನಿಂತರೆ ಮೊದಲ ತಿಂಗಳೇ ವಕೀಲರಿಗೆ ಹೇಳಿ. ಡಿಕ್ರಿ ಕೊಟ್ಟ ನ್ಯಾಯಾಲಯದಲ್ಲೇ ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವ) ಅರ್ಜಿ ಹಾಕಬೇಕು. ಜೀವನಾಂಶದ ಬಾಕಿಗೆ ಸಂಬಳದ ಮೂರನೇ ಎರಡು ಭಾಗದ ತನಕ ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶ ಇದೆ. ಪಿಂಚಣಿಯನ್ನು ಸಾಲಗಾರರು ಜಪ್ತಿ ಮಾಡದಂತೆ 1871ರ ಪಿಂಚಣಿ ಕಾಯ್ದೆಯ ರಕ್ಷಣೆ ಇದ್ದರೂ, ಜೀವನಾಂಶ ಕೇಳುವ ಹೆಂಡತಿ ಸಾಲಗಾರಳಲ್ಲ ಎಂದು 2018ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಜೀವನಾಂಶದ ಆದೇಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಡಿ ಆಗಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟ್‌ಗೆ ಅರ್ಜಿ ಹಾಕಬೇಕು. "ಮುಂದಿನ ತಿಂಗಳು ಒಟ್ಟಿಗೆ ಕೊಡ್ತೀನಿ" ಎಂಬ ಮಾತು ನಂಬಿ ಆ ಒಂದು ವರ್ಷ ಕಳೆದುಕೊಂಡವರು ಬಹಳ ಮಂದಿ. ಬಂದ ಕಂತು, ಬಾರದ ಕಂತು ಎರಡನ್ನೂ ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ, ಬ್ಯಾಂಕ್ ಪಾಸ್‌ಬುಕ್ಕನ್ನು ಮೂರು ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿ.